ಒಳಗೆ ಹೋಗಿ ಹೊರಗೆ ಬಂದರೆ ಒಂದು

ನವೆಂಬರ್ ಎರಡರಂದು ನಮ್ಮ ಚರ್ಚಿನ ಮುಂದೆ ಹೊಸಬರು ಯಾರಾದರೂ ನಿಂತು ನೋಡಿದ್ದರೆ, ಈ ಜನಕ್ಕೆಲ್ಲ ತಲೆ ಕೆಟ್ಟಿದೆ ಅಂದುಕೊಳ್ಳುತ್ತಿದ್ದರು. ಹೆಂಗಸರು, ಗಂಡಸರು, ಕೋಲೂರಿಕೊಂಡ ಮುದುಕರು ಎಲ್ಲರೂ ಒಳಗೆ ಹೋಗುವರು, ಮೊಣಕಾಲೂರಿ ಐದು ನಿಮಿಷ ತುಟಿ ಆಡಿಸುವರು, ಎದ್ದು ಹೊರಗೆ ಬರುವರು. ಹೊಸ್ತಿಲು ದಾಟಿ ಅಂಗಳದಲ್ಲಿ ನಾಲ್ಕು ಹೆಜ್ಜೆ ಇಟ್ಟು, ಏನೋ ಮರೆತವರ ಹಾಗೆ ತಿರುಗಿ ಮತ್ತೆ ಒಳಗೆ ಹೋಗುವರು. ಬೆಳಿಗ್ಗೆ ಪೂಜೆ ಮುಗಿದಾಗಿನಿಂದ ಹೊತ್ತು ಮುಳುಗುವವರೆಗೂ ಇದೇ ಕೆಲಸ.

ಅದು ಸತ್ತವರ ದಿನ. ನಮಗೆ ಕಲಿಸಿದ್ದು ಹೀಗೆ: ಪೂರ್ತಿ ಒಳ್ಳೆಯವರು ಸತ್ತ ಮೇಲೆ ನೇರ ಸ್ವರ್ಗಕ್ಕೆ ಹೋಗುತ್ತಾರೆ, ದೊಡ್ಡ ಪಾಪವನ್ನು ಒಪ್ಪಿಕೊಳ್ಳದೆ ಸತ್ತವರು ನರಕಕ್ಕೆ. ನಡುವಿನವರೆಲ್ಲ ಉತ್ತರಿಸುವ ಸ್ಥಳಕ್ಕೆ. ಅಲ್ಲಿ ಬೆಂಕಿಯಲ್ಲಿ ಬೆಂದು, ಉಳಿದ ಕೊಳೆಯೆಲ್ಲ ಹೋದ ಮೇಲೆ ಸ್ವರ್ಗದ ಬಾಗಿಲು ತೆರೆಯುತ್ತದೆ. ಎಷ್ಟು ವರ್ಷ ಬೇಯಬೇಕು ಅಂತ ಯಾರೂ ಹೇಳುತ್ತಿರಲಿಲ್ಲ. ಅಲ್ಲಿರುವವರು ತಮಗೆ ತಾವೇ ಏನೂ ಮಾಡಿಕೊಳ್ಳಲಾರರು. ಅವರನ್ನು ಎತ್ತಬೇಕಾದವರು ಭೂಮಿಯ ಮೇಲಿರುವ ನಾವು. ಸತ್ತವರ ದಿನ ಚರ್ಚಿನೊಳಗೆ ಹೋಗಿ, ಆರು ಸಲ ಪರಲೋಕ ಪ್ರಾರ್ಥನೆ, ಆರು ಸಲ ನಮೋ ಮರಿಯಾ, ಆರು ಸಲ ತ್ರಿತ್ವದ ಸ್ತುತಿ ಹೇಳಿ ಬಂದರೆ ಒಂದು ಆತ್ಮಕ್ಕೆ ಬಿಡುಗಡೆ. ಇನ್ನೊಂದು ಬೇಕಾದರೆ ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ಒಳಗೇ ಕೂತು ಎರಡು ಸಲ ಹೇಳಿದರೆ ನಡೆಯುವುದಿಲ್ಲ.

ಒಂದು ಆತ್ಮಕ್ಕೆ ಒಂದು ಸಲ ಸಾಕಲ್ಲ, ಒಬ್ಬರಿಗೇ ಯಾಕೆ ಇಷ್ಟು ಸಲ ಅಂದರೆ, ಪೂರ್ತಿ ಫಲ ಸಿಕ್ಕಿತೋ ಇಲ್ಲವೋ ಯಾರಿಗೆ ಗೊತ್ತು? ಪ್ರಾರ್ಥನೆಯ ನಡುವೆ ಒಲೆಯ ಮೇಲಿನ ಸಾರು ನೆನಪಾಗಿದ್ದರೂ ಸ್ವಲ್ಪ ಕಡಿಮೆಯಾಗಿರಬಹುದು. ಆದ್ದರಿಂದ ಮತ್ತೆ ಮತ್ತೆ. ಜೊತೆಗೆ ಒಂದು ಷರತ್ತಿತ್ತು. ಒಳಗೆ ಹೋಗುವವರು ಪಾದ್ರಿಯ ಮುಂದೆ ತಪ್ಪುಗಳನ್ನೆಲ್ಲ ಹೇಳಿಕೊಂಡು ಪಾಪನಿವೇದನೆ ಮಾಡಿ, ಪ್ರಸಾದ ತೆಗೆದುಕೊಂಡು ಶುದ್ಧವಾಗಿರಬೇಕು. ನಮಗೆ ಧರ್ಮಪಾಠ ಹೇಳಿಕೊಡುತ್ತಿದ್ದ ಉಪದೇಶಿ ಬೆರಳೆತ್ತಿ ಹೇಳುತ್ತಿದ್ದರು: "ದೊಡ್ಡ ಪಾಪ ಬಚ್ಚಿಟ್ಕೊಂಡಿರೋರು ನೂರು ಸಲ ಒಳಕ್ಕೆ ಹೋಗಿ ಬಂದ್ರೂ ಹೊಸ್ತಿಲು ಸವೆಯುತ್ತೆ, ಅಷ್ಟೇ."

ನಾನು ಹತ್ತು ವರ್ಷ ಆ ಹೊಸ್ತಿಲು ಸವೆಸಿದೆ.

ಈಗ ನನಗೆ ವಯಸ್ಸಾಗಿದೆ. ಬಾಯಿ ಜೋರು ಅಂತ ಸೊಸೆ ಹೇಳುತ್ತಾಳೆ. ಮಾತಾಡಬೇಕಾದ ಕಾಲದಲ್ಲಿ ಬಾಯಿ ಹೊಲಿದುಕೊಂಡು ಕೂತಿದ್ದವಳು ನಾನು. ಅದು ಅವಳಿಗೆ ಗೊತ್ತಿಲ್ಲ.

ನಮ್ಮೂರು ಕೆಂಪಾಪುರಕ್ಕೆ ಅಂಟಿಕೊಂಡ ಹಳ್ಳಿ. ಹತ್ತು ಹನ್ನೆರಡು ಕ್ರೈಸ್ತರ ಮನೆಗಳು, ಉಳಿದವೆಲ್ಲ ಗೌಡರವು. ಅಪ್ಪನಿಗೆ ಅರ್ಧ ಎಕರೆ ದ್ರಾಕ್ಷಿ ತೋಟವಿತ್ತು, ಬಾವಿ ಮಾತ್ರ ದೊಡ್ಡಪ್ಪನಿಗೂ ಅಪ್ಪನಿಗೂ ಸೇರಿದ್ದು. ನೀರಿನ ಸರದಿಗೆ ಇಬ್ಬರಿಗೂ ಜಗಳವಾಗಿ ಮಾತು ನಿಂತಿತು. ಅಪ್ಪ ಪಾಪನಿವೇದನೆಗೆ ಹೋದಾಗ, ಮೊದಲು ಅಣ್ಣನ ಜೊತೆ ರಾಜಿಯಾಗು, ಆಮೇಲೆ ಕ್ಷಮೆ ಎಂದು ಸ್ವಾಮಿಗಳು ಹೇಳಿದರಂತೆ. ನಾವು ಪಾದ್ರಿಯನ್ನು ಸ್ವಾಮಿಗಳು ಅಂತಲೇ ಕರೆಯುವುದು. "ಅಂಗಾದ್ರೆ ನಂಗೆ ಕ್ಸಮೇನೂ ಬ್ಯಾಡ, ಅವ್ನ ಮೊಕಾನೂ ಬ್ಯಾಡ" ಎಂದು ಎದ್ದು ಬಂದ ಅಪ್ಪ ನಾಲ್ಕು ವರ್ಷ ಪಾಪನಿವೇದನೆಯ ಕಡೆ ತಲೆ ಹಾಕಲಿಲ್ಲ. ಭಾನುವಾರ ಪೂಜೆಗೆ ಬಂದರೂ ಹಿಂದುಗಡೆ ನಿಂತು, ಎಲ್ಲರೂ ಪ್ರಸಾದಕ್ಕೆ ಹೋಗುವಾಗ ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದ. ಹಟದಲ್ಲಿ ಅಪ್ಪನನ್ನು ಮೀರಿಸುವವರು ಇರಲಿಲ್ಲ. ಅದು ನನಗೂ ಬಂದಿದೆ.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅಪ್ಪನಿಗೆ ಜ್ವರ ಬಂತು. ಟೈಫಾಯಿಡ್ ಅಂದರು ಡಾಕ್ಟರು. ಮೂರನೆಯ ವಾರಕ್ಕೆ ಮೈ ಒಣಗಿ ಕಡ್ಡಿಯಾಗಿತ್ತು. ಒಂದು ದಿನ ಬೆಳಿಗ್ಗೆ ಅಪ್ಪ ತಾನಾಗಿಯೇ ಕಣ್ಣು ಬಿಟ್ಟು ಅವ್ವನಿಗೆ ಹೇಳಿದ: "ಅಣ್ಣನ್ನ ಕರಿ. ಸ್ವಾಮಿಗಳ್ನೂ ಕರ್ಸು." ದೊಡ್ಡಪ್ಪನ ಮನೆ ಮೂರು ಮನೆ ಆಚೆಗೆ. ಅವರು ಬಂದು ಅಪ್ಪನ ಪಾದ ಹಿಡಿದುಕೊಂಡು ಮಂಚದ ಕಾಲ ಬಳಿ ಕೂತುಬಿಟ್ಟರು. ಇಬ್ಬರೂ ಬಾವಿಯ ಸುದ್ದಿ ಎತ್ತಲಿಲ್ಲ. ನಾಲ್ಕು ವರ್ಷದ ಜಗಳ ಅಷ್ಟಕ್ಕೇ ಮುಗಿಯಿತು. ಇನ್ನು ಬಾಕಿ ಉಳಿದದ್ದು ಪಾಪನಿವೇದನೆ ಮತ್ತು ಸಾಯುವವರಿಗೆ ಹಚ್ಚುವ ಮಂತ್ರಿಸಿದ ಎಣ್ಣೆ.

ನನಗೆ ಹದಿನೇಳು. ಅವ್ವ ನನ್ನನ್ನು ಬಾಗಿಲಾಚೆ ಕರೆದು ಹೇಳಿದಳು: "ಓಗು ಮಗಾ, ಸ್ವಾಮಿಗಳ್ನ ಕರ್ಕಂಡ್ ಬಾ. ದಾರೀಲಿ ಎಲ್ಲೂ ಕೂತ್ಕಾಬ್ಯಾಡ."

ಚರ್ಚು ಕೆರೆಯ ಆಚೆ, ಏರಿ ದಾಟಿ ಎರಡು ಮೈಲಿ. ಅರ್ಧ ದಾರಿ ಓಡಿದೆ. ಏರಿಯ ಮೇಲೆ ತೂಬಿನ ಕಲ್ಲಿನ ಹತ್ತಿರ ಬಂದಾಗ ಕಾಲು ನಿಂತುಹೋಯಿತು.

ನಮ್ಮೂರಲ್ಲಿ ಒಂದು ನಂಬಿಕೆಯಿತ್ತು. ಉಪದೇಶಿ ಎಷ್ಟು ಬೈದರೂ ಅದು ಹೋಗಿರಲಿಲ್ಲ. ಸ್ವಾಮಿಗಳು ಎಣ್ಣೆ ಹಚ್ಚಿದರೆ ಆ ಮನುಷ್ಯ ಉಳಿಯುವುದಿಲ್ಲ ಅನ್ನುವುದು. ಸಾಯುವ ಹೊತ್ತಿಗೇ ಕರೆಯುತ್ತಿದ್ದುದರಿಂದ ಸಾಯುತ್ತಿದ್ದರು ಅನ್ನುವುದು ಈಗ ಗೊತ್ತು. ಆಗ ನಾನು ಕಂಡಿದ್ದು ಇಷ್ಟೇ: ಪಕ್ಕದ ಮನೆ ಅಜ್ಜಿಗೆ ಬೆಳಿಗ್ಗೆ ಹಚ್ಚಿದರು, ಸಂಜೆ ಹೋದಳು. ಬೀದಿ ಕೊನೆಯ ಬಾಣಂತಿಗೆ ಹಚ್ಚಿದರು, ಸ್ವಾಮಿಗಳ ಸೈಕಲ್ಲು ಏರಿ ದಾಟುವ ಮೊದಲೇ ಅಳುವ ಸದ್ದು ಕೇಳಿಸಿತು. ಈಗ ನಾನೇ ಹೋಗಿ ಎಣ್ಣೆ ಕರೆದುಕೊಂಡು ಬರಬೇಕು. ಅಪ್ಪ ಬೆಳಿಗ್ಗೆ ಕಣ್ಣು ಬಿಟ್ಟಿದ್ದಾನೆ, ಮಾತಾಡಿದ್ದಾನೆ, ಜ್ವರ ಇಳಿಯುವ ಲಕ್ಷಣ ಇರಬಹುದು. ಸ್ವಲ್ಪ ಹೊತ್ತು ತಡೆದರೆ ಬದುಕಿಬಿಡಬಹುದು ಅನ್ನಿಸಿತು. ತೂಬಿನ ಕಲ್ಲಿನ ಮೇಲೆ ಕೂತೆ.

ಕೆಳಗೆ ಅಗಸರು ಬಟ್ಟೆ ಒಗೆದು ಹುಲ್ಲಿನ ಮೇಲೆ ಹರವುತ್ತಿದ್ದರು. ಇನ್ನೊಂದು ಸೀರೆ ಹರವಲಿ ಆಮೇಲೆ ಏಳುತ್ತೇನೆ, ಇನ್ನೊಂದು ಪಂಚೆ ಹರವಲಿ ಆಮೇಲೆ ಏಳುತ್ತೇನೆ ಅಂತ ಕೂತೇ ಇದ್ದೆ. ಅವರು ಹರವಿದ ಬಟ್ಟೆ ಒಣಗಿ, ಅವುಗಳನ್ನು ಮಡಿಸತೊಡಗಿದಾಗ ನನಗೆ ಎಚ್ಚರವಾಯಿತು. ಎದ್ದು ಓಡಿದೆ. ಸ್ವಾಮಿಗಳು ಒಂದು ಕ್ಷಣವೂ ತಡ ಮಾಡಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಎಣ್ಣೆಯ ಡಬ್ಬಿ ತೆಗೆದುಕೊಂಡು ಸೈಕಲ್ಲು ಹತ್ತಿದರು.

ನಾನು ನಡೆದು ಮನೆ ಸೇರುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿದ್ದರು. ಸ್ವಾಮಿಗಳು ಬರುವುದಕ್ಕೆ ಸ್ವಲ್ಪ ಮೊದಲು ಅಪ್ಪನ ಉಸಿರು ನಿಂತಿತ್ತು. ಆದರೂ ಅವರು ಎಣ್ಣೆ ಹಚ್ಚಿ, ಮಂತ್ರ ಹೇಳಿ, ಅವ್ವನಿಗೆ ಧೈರ್ಯ ಹೇಳುತ್ತಿದ್ದರು. "ಅವನಾಗೇ ಕರೆಸಿದ್ದಾನಲ್ಲ ಅಮ್ಮ, ದೇವರು ಅದನ್ನ ನೋಡ್ತಾನೆ. ನರಕಕ್ಕೆ ಹೋಗಿರೋದಿಲ್ಲ. ಉತ್ತರಿಸುವ ಸ್ಥಳದಲ್ಲಿರ್ತಾನೆ. ನೀವು ಪ್ರಾರ್ಥನೆ ಬಿಡಬೇಡಿ." ಅವರು ಹೋದ ಮೇಲೆ ಅವ್ವ ನನ್ನ ಮುಖ ನೋಡಿ ಕೇಳಿದಳು: "ಯಾಕ್ ಮಗಾ ಇಷ್ಟೊತ್ತು? ನಿಮ್ಮಪ್ಪ ಬಾಗ್ಲನ್ನೇ ನೋಡ್ತಿದ್ದ. ಬಂದ್ರಾ, ಬಂದ್ರಾ ಅಂತ ಕೇಳ್ತಿದ್ದ."

ನಾನು ಅಂದೆ: "ಸ್ವಾಮಿಗಳು ಊಟಕ್ಕೆ ಕೂತಿದ್ರು. ಮುಗಿಸೋ ತನಕ ಕಾಯ್ಸಿದ್ರು."

ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿಂದ ತಾನಾಗಿ ಬಂತು. ಬಂದ ಮೇಲೆ ವಾಪಸ್ಸು ಹೋಗಲಿಲ್ಲ.

ಆ ವರ್ಷದ ಸತ್ತವರ ದಿನ ಅವ್ವ ಒಣಗಿದ ಅವರೆ ಬೀಜ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಒಂದು ಸಲ ಒಳಗೆ ಹೋಗಿ ಬಂದರೆ ಒಂದು ಬೀಜ ಈ ತುದಿಯಿಂದ ಆ ತುದಿಗೆ. ಅವಳ ಮೊಣಕಾಲು ಅಷ್ಟರಲ್ಲೇ ಕೆಟ್ಟಿತ್ತು. ಹತ್ತು ಸಲ ಆಗುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು. "ನಿನ್ ಕಾಲು ಗಟ್ಟಿ ಮಗಾ, ನೀನು ಜಾಸ್ತಿ ಮಾಡು" ಎಂದು ನನ್ನ ಸೆರಗಿಗೂ ಒಂದು ಹಿಡಿ ಬೀಜ ಹಾಕಿದಳು. ನಾನು ಮಾಡಿದೆ. ಒಳಗೆ, ಹೊರಗೆ, ಒಳಗೆ, ಹೊರಗೆ. ನನ್ನ ಒಂದು ಪ್ರಾರ್ಥನೆಯೂ ಅಪ್ಪನಿಗೆ ಮುಟ್ಟುವುದಿಲ್ಲ ಅಂತ ನನಗೆ ಗೊತ್ತಿತ್ತು. ಬೀಜ ಮಾತ್ರ ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಹೋಗುತ್ತಿತ್ತು. ಅವ್ವ ಅದನ್ನು ಮುಟ್ಟಿ ನೋಡಿ ಸಮಾಧಾನ ಪಡುತ್ತಿದ್ದಳು. ಆ ಸಮಾಧಾನ ನೋಡಲಾರದೆ ನಾನು ತಿರುಗಿ ಮತ್ತೆ ಒಳಗೆ ಹೋಗುತ್ತಿದ್ದೆ.

ಹೇಳಿಬಿಡಬಹುದಿತ್ತಲ್ಲ ಅನ್ನುತ್ತೀರಿ. ಪ್ರತಿ ಶನಿವಾರ ಪಾಪನಿವೇದನೆಗೆ ಹೋಗುತ್ತಿದ್ದೆ. ಮರದ ಜಾಲಂಧ್ರದ ಆಚೆ ಕೂತಿರುತ್ತಿದ್ದವರು ಅದೇ ಸ್ವಾಮಿಗಳು, ಚಪ್ಪಲಿ ಇಲ್ಲದೆ ಸೈಕಲ್ಲು ಹತ್ತಿದ್ದವರು. ನನ್ನ ದನಿ ಅವರಿಗೆ ಗೊತ್ತು. ಅವ್ವನಿಗೆ ಎದುರು ಮಾತಾಡಿದೆ, ಪ್ರಾರ್ಥನೆಯಲ್ಲಿ ತೂಕಡಿಸಿದೆ ಎಂದು ಚಿಲ್ಲರೆ ಪಾಪಗಳನ್ನೆಲ್ಲ ಹೇಳಿ, ದೊಡ್ಡದನ್ನು ನುಂಗಿಕೊಂಡು ಬರುತ್ತಿದ್ದೆ. ಬೇಕೆಂದೇ ಪಾಪ ಮುಚ್ಚಿಟ್ಟು ಮಾಡಿದ ಪಾಪನಿವೇದನೆ ಇನ್ನೊಂದು ದೊಡ್ಡ ಪಾಪ. ಆ ಪಾಪ ಹೊತ್ತುಕೊಂಡು ಭಾನುವಾರ ನಾಲಗೆ ಚಾಚಿ ಪ್ರಸಾದ ತೆಗೆದುಕೊಳ್ಳುವುದು ಮತ್ತೊಂದು. ತೆಗೆದುಕೊಳ್ಳದಿದ್ದರೆ ಅವ್ವ ಯಾಕೆ ಅಂತ ಕೇಳುತ್ತಾಳೆ. ಹೀಗೆ ವಾರ ವಾರವೂ ಗುಂಡಿ ಆಳವಾಗುತ್ತಾ ಹೋಯಿತು. ಅಪ್ಪ ಉತ್ತರಿಸುವ ಸ್ಥಳದಲ್ಲಿದ್ದರೆ ಒಂದು ದಿನ ಹೊರಗೆ ಬಂದಾನು, ನಾನು ಈ ಬಸ್ಸಿನಡಿ ಸಿಕ್ಕಿ ಸತ್ತರೆ ನೇರ ನರಕಕ್ಕೇ ಹೋಗುತ್ತೇನೆ ಅಂತ ಬಳ್ಳಾರಿ ರಸ್ತೆ ದಾಟುವಾಗಲೆಲ್ಲ ಎರಡೂ ಕಡೆ ಮೂರು ಮೂರು ಸಲ ನೋಡುತ್ತಿದ್ದೆ.

ಟೀಚರ್ ಟ್ರೈನಿಂಗಿಗೆ ಸೇರಿದ ಮೇಲೆ ಒಂದು ಶನಿವಾರ ಧೈರ್ಯ ಮಾಡಿ, ಯಾರಿಗೂ ಗುರುತಿಲ್ಲದ ಕಡೆ ಹೇಳೋಣವೆಂದು ಪೇಟೆಯ ಒಂದು ಚರ್ಚಿಗೆ ಹೋಗಿ ಸಾಲಿನಲ್ಲಿ ನಿಂತೆ. ಮುಂದೆ ಇಬ್ಬರಿದ್ದಾಗ ಉಪದೇಶಿಯ ಇನ್ನೊಂದು ಪಾಠ ನೆನಪಾಯಿತು. ಸುಳ್ಳು ಹೇಳಿ ಒಬ್ಬರ ಹೆಸರು ಕೆಡಿಸಿದವರಿಗೆ ಆ ಹೆಸರನ್ನು ಸರಿಮಾಡುವ ತನಕ ಕ್ಷಮೆ ಇಲ್ಲ. ಅಂದರೆ ಈ ಗುರುತಿಲ್ಲದ ಸ್ವಾಮಿಯೂ ಮೊದಲು ಹೋಗಿ ನಿನ್ನ ತಾಯಿಗೆ ನಿಜ ಹೇಳು ಅನ್ನುತ್ತಾರೆ. ಅವ್ವನಿಗೆ ಏನಂತ ಹೇಳಲಿ? ನಿನ್ನ ಗಂಡ ಬಾಗಿಲು ನೋಡುತ್ತಿದ್ದಾಗ ನಾನು ಏರಿಯ ಮೇಲೆ ಕೂತು ಬಟ್ಟೆ ಒಣಗುವುದನ್ನು ನೋಡುತ್ತಿದ್ದೆ ಅಂತಲೇ? ಸಾಲು ಬಿಟ್ಟು ಬಂದುಬಿಟ್ಟೆ. ಅಪ್ಪನೂ ಹೀಗೇ ಎದ್ದು ಬಂದಿದ್ದ.

ಅವ್ವನೂ ಬದಲಾಗಿದ್ದಳು. ಮೊದಲೆಲ್ಲ ತೋಟದ ಮೊದಲ ದ್ರಾಕ್ಷಿ ಒಂದು ಕುಕ್ಕೆ ಸ್ವಾಮಿಗಳಿಗೆ ಹೋಗುತ್ತಿತ್ತು. ಅಪ್ಪ ಹೋದ ಮೇಲೆ ಅವ್ವ ಕಳಿಸಲಿಲ್ಲ. ಅವರು ಎದುರಿಗೆ ಸಿಕ್ಕಿ ಹೇಗಿದ್ದೀರಮ್ಮ ಅಂದರೆ ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದಳು. ದುಃಖ ಅಂತ ಅವರು ತಿಳಿದುಕೊಂಡರು. ಅದು ನನ್ನ ಸುಳ್ಳಿನ ಫಲ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ಪಕ್ಕದ ಮನೆಯ ಗೌಡತಿ ಒಂದು ಸಲ ಅವ್ವನ ಊದಿದ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳಿದಳು: "ಇದೇನವ್ವ ನಿಮ್ ದೇವ್ರು ಇಂಗೆ ಓಡಾಡುಸ್ತಾನೆ? ನಾವು ಪಿತೃಪಕ್ಸದಾಗೆ ಒಂದ್ ದಿನ ಎಡೆ ಇಟ್ಟು ಕಾಗೆ ಕರುದ್ರೆ ಮುಗೀತು." ಅವ್ವ ನಕ್ಕಳು. ನನಗೆ ಹೊಟ್ಟೆಕಿಚ್ಚಾಯಿತು. ಅವರ ಸತ್ತವರು ಬಂದು ಉಂಡು ಹೋಗುತ್ತಾರೆ, ನಮ್ಮವರು ಬೇಯುತ್ತಾ ನಮ್ಮ ಕಾಲಿನ ಸಪ್ಪಳ ಕಾಯುತ್ತಾರೆ. ಈ ಏರ್ಪಾಡು ಮಾಡಿದವರು ಯಾರೇ ಇರಲಿ, ಅವರಿಗೆ ಮೊಣಕಾಲು ನೋವು ಇರಲಿಲ್ಲ ಅನ್ನುವುದು ಖಂಡಿತ.

ಹೀಗೆ ಹತ್ತು ವರ್ಷ ಕಳೆಯಿತು. ನನಗೆ ಯಲಹಂಕದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು, ಮದುವೆಗೆ ಬಂದ ಎರಡು ಸಂಬಂಧ ನಾನೇ ಬಿಟ್ಟೆ. ಮದುವೆಯೂ ಒಂದು ಸಂಸ್ಕಾರ, ಅದನ್ನೂ ಪಾಪದ ಮೈಯಲ್ಲಿ ತೆಗೆದುಕೊಳ್ಳುವ ಧೈರ್ಯ ಇರಲಿಲ್ಲ. ಅಷ್ಟರಲ್ಲಿ ಚರ್ಚಿನಲ್ಲೂ ಏನೇನೋ ಬದಲಾಗುತ್ತಿತ್ತು. ಲ್ಯಾಟಿನ್ ಹೋಗಿ ಪೂಜೆ ಕನ್ನಡಕ್ಕೆ ಬಂತು. ನಮಗೆ ಬೆನ್ನು ಹಾಕಿ ನಿಲ್ಲುತ್ತಿದ್ದ ಸ್ವಾಮಿಗಳು ನಮ್ಮ ಕಡೆ ಮುಖ ಮಾಡಿ ನಿಂತರು.

ಆ ವರ್ಷದ ಸತ್ತವರ ದಿನ ಪೂಜೆಯ ಕೊನೆಯಲ್ಲಿ ಸ್ವಾಮಿಗಳು ಸಾಧಾರಣ ವಿಷಯ ಹೇಳುವ ಹಾಗೆ ಹೇಳಿದರು. ನಿಯಮ ಬದಲಾಗಿದೆ. ಇನ್ನು ಮೇಲೆ ಎಷ್ಟು ಸಲ ಒಳಗೆ ಬಂದರೂ ಒಂದೇ. ಒಬ್ಬರಿಗೆ ಒಂದು ದಿನಕ್ಕೆ ಒಂದು.

ಅವ್ವನ ಸೆರಗಿನಲ್ಲಿ ಆಗಲೇ ಬೀಜ ಕಟ್ಟಿತ್ತು. ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತು ಗಂಟು ಬಿಚ್ಚಿದಳು. "ಅಂಗಾರೆ ಇಷ್ಟ್ ದಿನ ಮಾಡಿದ್ದು?" ಎಂದಳು. "ಆಗಿಂದು ಆಗ್ಲೇ ಆಯ್ತು, ಇನ್ಮೇಲೆ ಒಂದೇ ಅಂತ ಇರ್ಬೇಕು" ಎಂದೆ. ಅವ್ವ ಬೀಜಗಳನ್ನು ಬೆರಳಲ್ಲಿ ಆಡಿಸಿ, ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಕಟ್ಟೆಯ ಮೇಲೆ ಸುರಿದಳು.

"ಒಂದೇ ಅಂದ್ರೆ ಅದ್ನ ನೀನೇ ಮಾಡು ಮಗಾ. ನನ್ನ ನೆಚ್ಕಬ್ಯಾಡ" ಎಂದಳು.

"ಯಾಕವ್ವ?"

"ನಂದು ಒಂದೂ ನಡ್ದಿಲ್ಲ. ಇಷ್ಟು ವರ್ಸದಾಗೆ ಒಂದೂ ಇಲ್ಲ." ಅವ್ವ ಚರ್ಚಿನ ಕಡೆ ನೋಡದೆ ಮಾತಾಡುತ್ತಿದ್ದಳು. "ಆ ಸ್ವಾಮಿ ಮ್ಯಾಗೆ ನಂಗೆ ಒಳಗೇ ಉರೀತದೆ. ಉಣ್ಣೋ ತಟ್ಟೆ ಬುಟ್ಟು ಏಳ್ಲಿಲ್ವಲ್ಲ ಅಂತ. ಎಷ್ಟ್ ಸಲ ಬುಟ್ಬುಡಾನ ಅಂದ್ಕಂಡೆ, ಆಗ್ಲಿಲ್ಲ. ಪಾಪನಿವೇದನೆಗೆ ಅವ್ರ ಮುಂದೇನೇ ಕೂತ್ಕಂಡು, ಸ್ವಾಮಿ ನಿಮ್ನ ಕಂಡ್ರೆ ನಂಗಾಗಲ್ಲ ಅಂತ ಎಂಗೆ ಏಳ್ಲಿ? ಮನ್ಸಲ್ಲಿ ಬೆಂಕಿ ಮಡಿಕ್ಕಂಡು ಒಳಕ್ಕೋಗಿ ಬಂದ್ರೆ ಏನ್ ನಡೀತದೆ? ನೀನ್ ಮಾಡಿದ್ದು ನಿಮ್ಮಪ್ಪಂಗೆ ಮುಟ್ಟಿರ್ತದೆ, ಅದೊಂದೇ ನಂಗಿರೋ ಧೈರ್ಯ."

ಹತ್ತು ವರ್ಷ ಇಬ್ಬರು ಹೆಂಗಸರು ಒಂದೇ ಬಾಗಿಲಲ್ಲಿ ಸರದಿಯ ಮೇಲೆ ಓಡಾಡಿದ್ದೇವೆ. ಒಬ್ಬಳು ಇನ್ನೊಬ್ಬಳನ್ನು ನಂಬಿಕೊಂಡು. ಅಪ್ಪನಿಗೆ ಒಂದು ತೊಟ್ಟೂ ಮುಟ್ಟಿಲ್ಲ. ನನ್ನ ಪಾಪದಿಂದ ನನ್ನದು ಹೋಯಿತು, ನನ್ನ ಸುಳ್ಳಿನಿಂದ ಅವ್ವನದೂ ಹೋಯಿತು. ಅವ್ವನ ಮೊಣಕಾಲು ಸೀರೆಯೊಳಗಿಂದಲೇ ಊದಿದ್ದು ಕಾಣುತ್ತಿತ್ತು.

ಹೇಳಿದೆ. ತೂಬಿನ ಕಲ್ಲು, ಅಗಸರು, ಬಟ್ಟೆ ಒಣಗಿದ್ದು ಎಲ್ಲವನ್ನೂ ಹೇಳಿದೆ. "ಸ್ವಾಮಿಗಳು ಊಟಕ್ಕೆ ಕೂತಿರ್ಲಿಲ್ಲ ಅವ್ವ. ಚಪ್ಪಲೀನೂ ಹಾಕ್ಕೊಳ್ದೆ ಬಂದ್ರು. ಎಣ್ಣೆ ಹಚ್ಚುದ್ರೆ ಅಪ್ಪ ಹೋಗ್ಬಿಡ್ತಾನೆ ಅಂತ ನಾನೇ ಕೂತ್ಕೊಂಡಿದ್ದೆ" ಎಂದೆ. ಹೊಡೆಯಲಿ ಅಂತ ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

ಅವ್ವ ಕಟ್ಟೆಗೆ ಕೈಯೂರಿ ಎದ್ದು, ಕಾಲೆಳೆದುಕೊಂಡು ಒಳಗೆ ಹೋದಳು. ನಾನು ಬಿಸಿಲಲ್ಲಿ ನಿಂತು ಬಾಗಿಲಿಂದ ನೋಡುತ್ತಿದ್ದೆ. ಸ್ವಾಮಿಗಳು ಪಾಪನಿವೇದನೆಯ ಪೀಠದಲ್ಲಿ ಕೂತಿದ್ದರು. ಅವ್ವ ಅಲ್ಲಿ ಹೋಗಿ ಮೊಣಕಾಲೂರಿದಳು. ಬಹಳ ಹೊತ್ತಾಯಿತು. ನಡುವೆ ಒಂದು ಸಲ ಸ್ವಾಮಿಗಳು ಹಣೆ ಹಿಡಿದುಕೊಂಡದ್ದು ಕಾಣಿಸಿತು. ಆಮೇಲೆ ಅವ್ವ ಎದ್ದು, ಅವರ ಕೈಯಿಂದಲೇ ಪ್ರಸಾದ ಪಡೆದು, ಬಲಿಪೀಠದ ಮುಂದೆ ಕೂತು ಆರಾರು ಪ್ರಾರ್ಥನೆ ಮುಗಿಸಿ ಹೊರಗೆ ಬಂದಳು. ಆ ಒಂದು ಬೀಜವನ್ನು ನನ್ನ ಕೈಗೆ ಹಾಕಿದಳು.

"ಮಾಡ್ದೆ."

"ಇದು ಅಪ್ಪಂಗೆ ಮುಟ್ತು ಅವ್ವ" ಎಂದೆ. ಅಳು ಬರುತ್ತಿತ್ತು. ಇಷ್ಟು ವರ್ಷದಲ್ಲಿ ಇದೊಂದಾದರೂ ಸರಿಯಾಗಿ ಹೋಯಿತಲ್ಲ ಅಂತ.

"ಅಪ್ಪಂಗಲ್ಲ. ನಿಂಗೆ ಮಾಡ್ದೆ."

ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. "ಅವ್ವಾ, ಬದುಕಿರೋರಿಗೆ ಮಾಡುದ್ರೆ ನಡಿಯೋದಿಲ್ಲ. ಉಪದೇಶಿ ಎಷ್ಟ್ ಸಲ ಹೇಳಿದ್ದಾರೆ. ಸತ್ತೋರಿಗೆ ಮಾತ್ರ. ವರ್ಷಕ್ಕೊಂದ್ ದಿನ ಇರೋದು, ಸುಮ್ನೆ ಹಾಳ್ಮಾಡ್ಬಿಟ್ಟೆ" ಎಂದೆ.

"ಗೊತ್ತು" ಎಂದಳು ಅವ್ವ. "ನಿಮ್ಮಪ್ಪ ಇಷ್ಟ್ ವರ್ಸ ಕಾದವ್ನೆ. ಇನ್ನೊಂದ್ ವರ್ಸ ಕಾಯ್ತಾನೆ."

ಅಪ್ಪ ಈಗ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಅವ್ವ ಹೋಗಿಯೂ ಬಹಳ ಕಾಲವಾಯಿತು. ಒಂದು ವರ್ಷ ಅಪ್ಪನಿಗೆ, ಇನ್ನೊಂದು ವರ್ಷ ಅವ್ವನಿಗೆ ಅಂತ ನಾನು ಹೋಗಿ ಬರುತ್ತೇನೆ, ಮುಟ್ಟುತ್ತದೋ ಇಲ್ಲವೋ ಯಾರನ್ನೂ ಕೇಳುವುದಿಲ್ಲ. ಆದರೆ ಆ ದಿನ ಅವ್ವ ಬೇವಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಚರ್ಚಿನ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿ ಹೇಳಿದ್ದು ಕಿವಿಯಲ್ಲೇ ಇದೆ.

"ಸ್ವಾಮಿಗಳು ಒಳಗವ್ರೆ. ಓಗು ಮಗಾ. ದಾರೀಲಿ ಎಲ್ಲೂ ಕೂತ್ಕಾಬ್ಯಾಡ."